ಅನನೀಯನ ಅಂಜಿಕೆ

ದೇವರನ್ನು ನಂಬಿದ್ದೇವೆಂದು ಹೇಳುವುದು ಸುಲಭ. ಆ ದೇವರು ಬೆರಳು ಮಾಡಿ ತೋರಿಸಿದ ಮನುಷ್ಯನನ್ನು ನಂಬುವುದು ಸುಲಭವಲ್ಲ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 9ನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ಕ್ರಿಸ್ತನ ಅನುಯಾಯಿಗಳನ್ನು ಕಟ್ಟಿ ಯೆರೂಸಲೇಮಿಗೆ ಒಯ್ಯಲೆಂದು ಮಹಾಯಾಜಕನ ಪತ್ರಗಳೊಡನೆ ಹೊರಟ ಸೌಲ, ದಾರಿಯಲ್ಲಿ ದೃಷ್ಟಿ ಕಳೆದುಕೊಂಡು, ದಮಸ್ಕದ ಮನೆಯೊಂದರಲ್ಲಿ 3 ದಿನಗಳಿಂದ ಅನ್ನನೀರಿಲ್ಲದೆ ಇದ್ದಾನೆ. ಅವನಲ್ಲಿಗೆ ಹೋಗೆಂದು ಅನನೀಯನೆಂಬ ಶಿಷ್ಯನಿಗೆ ದರ್ಶನದಲ್ಲಿ ಪ್ರಭುವಿನ ಅಪ್ಪಣೆಯಾಗುತ್ತದೆ. ಅನನೀಯ ಕೂಡಲೆ ಹೊರಡುವುದಿಲ್ಲ. ಆ ಮನುಷ್ಯ ಮಾಡಿದ ಕೇಡನ್ನು ಹಲವರಿಂದ ಕೇಳಿದ್ದೇನೆಂದು ಪ್ರಭುವಿಗೇ ವಿವರಿಸುತ್ತಾನೆ, ಅವನಿಗೆ ತಿಳಿಯದೆಂಬಂತೆ! ಅನನೀಯ ನನಗೆ ಪ್ರಿಯನಾಗುವುದು ಇಲ್ಲಿಯೇ. ಅವನ ಅಂಜಿಕೆಗೆ ಗದರಿಕೆಯ ಉತ್ತರ ಬರಲಿಲ್ಲ. ಸೌಲನು ತಾನು ಆರಿಸಿಕೊಂಡವನೆಂಬ ಕಾರಣದೊಡನೆ, ಹೋಗೆಂಬ ಮಾತೇ ಮತ್ತೆ ಬಂತು. ಅಂಜಿಕೆ ಅಳಿಯಿತೆಂದು ಗ್ರಂಥ ಹೇಳುವುದಿಲ್ಲ. ಹೋದನೆಂದಷ್ಟೇ ಹೇಳುತ್ತದೆ. ಹೋಗಿ, ತನ್ನನ್ನು ಸೆರೆಗೊಯ್ಯಬಹುದಾಗಿದ್ದವನ ಮೇಲೆ ಕೈಯಿಟ್ಟು, ಅವನನ್ನು ‘ಸಹೋದರ’ ಎಂದು ಕರೆದ.

ಯೆರೂಸಲೇಮಿನಲ್ಲಿ ಮತ್ತದೇ ಭಯ. ಅಲ್ಲಿಯ ಶಿಷ್ಯರು ಹಿಂಜರಿದಾಗ ಸೌಲನನ್ನು ಅಪೊಸ್ತಲರ ಬಳಿಗೆ ಕರೆದೊಯ್ದವನು ಬಾರ್ನಬ.

ಹೀಗೆ ಇತರರ ನಂಬಿಕೆಯಿಂದ ಬದುಕಿದ ಸೌಲನೇ, ಪೌಲನೆನಿಸಿದ ಮೇಲೆ, ಪಾಂಫುಲ್ಯದಲ್ಲಿ ತಮ್ಮನ್ನು ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಜೊತೆಗೆ ಸೇರಿಸಲೊಪ್ಪಲಿಲ್ಲ! ಆ ಕಾರಣಕ್ಕೆ ತೀಕ್ಷ್ಣವಾದ ವಾಗ್ವಾದ ನಡೆದು ಅವನೂ ಬಾರ್ನಬನೂ ಅಗಲಿದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ ದ್ವೀಪಕ್ಕೆ ಹಡಗು ಹತ್ತಿದ.

ಪೌಲನ ಹೆಸರಿನಲ್ಲಿ, ಸೆರೆಯಿಂದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಒಂದು ಸಣ್ಣ ಕೋರಿಕೆಯಿದೆ: ಬರುವಾಗ ಮಾರ್ಕನನ್ನೂ ಕರೆದುಕೊಂಡು ಬರಬೇಕಂತೆ, ಅವನಿಂದ ತನಗೆ ಉಪಯೋಗವುಂಟಂತೆ.