ಅಂಗಾಂಗ ಕಸಿ: ಎಲ್ಲರ ಕೈಗೆಟುಕುವುದೆಂದು?



ಕೆಟ್ಟುಹೋದ ಅಂಗವನ್ನು ತೆಗೆದು, ಇನ್ನೊಬ್ಬರ ಅಂಗವನ್ನು ಜೋಡಿಸಿ ಮನುಷ್ಯನನ್ನು ಬದುಕಿಸುವುದು ಒಂದು ಕಾಲಕ್ಕೆ ಕಥೆಯ ಮಾತಾಗಿತ್ತು. 1954ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿ ಅದನ್ನು ನಿಜವಾಗಿಸಿದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. 1994ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಹೃದಯವನ್ನೇ ಕಸಿ ಮಾಡಿತು. ಹೊರಗಿನಿಂದ ಬಂದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧ 1980ರ ದಶಕದಲ್ಲಿ ಬಳಕೆಗೆ ಬಂತು. ಹೀಗೆ, 'ಸಾಧ್ಯವೇ?' ಎಂಬ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟಿದೆ. 'ಯಾರಿಗೆ ಸಾಧ್ಯ?' ಎಂಬ ಪ್ರಶ್ನೆ ಮಾತ್ರ ಸಮಾಜದ ಮುಂದೆ ಹಾಗೆಯೇ ಉಳಿದಿದೆ. ಇಂದು ನಾವು ಯೋಚಿಸಬೇಕಾದದ್ದು ಅದನ್ನೇ.

ಭದ್ರಾವತಿಯನ್ನು ನಿಮ್ಮ ಕಣ್ಣ ಮುಂದೆ ತಂದುಕೊಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ ದುಡಿಮೆಯಿಂದ 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅಂಥ ಊರಿನಲ್ಲಿ ಒಂದೇ ಗೇಟಿನಿಂದ ಕೆಲಸಕ್ಕೆ ಹೋಗುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಕಾಯಂ ನೌಕರ, ಇನ್ನೊಬ್ಬ ಗುತ್ತಿಗೆ ಕಾರ್ಮಿಕ. ಇಬ್ಬರಿಗೂ ಮೂತ್ರಪಿಂಡ ಕೆಟ್ಟಿತು. ಕಾಯಂ ನೌಕರನ ಚಿಕಿತ್ಸೆಯ ಹೊಣೆ ಸಂಸ್ಥೆಯದು. ಗುತ್ತಿಗೆಯವನಿಗೆ ಇರುವುದು ಇಎಸ್ಐ. ಗುತ್ತಿಗೆ ಮುಗಿದರೆ ವಂತಿಗೆ ನಿಲ್ಲುತ್ತದೆ. ವಂತಿಗೆ ನಿಂತ ಕೆಲ ಕಾಲಕ್ಕೆ ಚಿಕಿತ್ಸೆಯ ಹಕ್ಕೂ ನಿಲ್ಲುತ್ತದೆ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತುಹೋದ ಊರಿನಲ್ಲಿ ಇದು ಬರಿಯ ಊಹೆಯ ಮಾತಲ್ಲ. ಇನ್ನು ಗಾರೆ ಕೆಲಸದ ಬಹುಪಾಲು ಜನರಿಗೆ, ಹೊಲದ ಕೂಲಿಯವರಿಗೆ ಆ ಇಎಸ್ಐ ಕೂಡ ಇಲ್ಲ.

ರೋಗದ ಸ್ವಭಾವವನ್ನೂ ತಿಳಿದುಕೊಳ್ಳಿ. ಮೂತ್ರಪಿಂಡ ಸದ್ದಿಲ್ಲದೆ ಕೆಡುವ ಅಂಗ. ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಕಾಲು ಬಾತು, ಉಸಿರು ಕಟ್ಟಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ವೇಳೆಗೆ ಎಷ್ಟೋ ಜನರಲ್ಲಿ ಅದು ಬಹುಪಾಲು ಕೆಟ್ಟಿರುತ್ತದೆ. ಆಗ ಉಳಿಯುವ ದಾರಿಗಳು ಎರಡು: ಡಯಾಲಿಸಿಸ್ ಅಥವಾ ಕಸಿ. ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ ಯಂತ್ರದ ಪಕ್ಕದಲ್ಲಿ ಮಲಗುವುದು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಯಂತ್ರಗಳು ಬಂದಿವೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ವಾರದಲ್ಲಿ ಮೂರು ದಿನ ಯಂತ್ರಕ್ಕೆ ಕೊಟ್ಟವನು ಕೂಲಿಗೆ ಹೋಗುವುದೆಂದು? ಮತ್ತೆ ಎದ್ದು ದುಡಿಯುವ ಬಾಳು ಸಿಗಬೇಕಾದರೆ ಸಾಮಾನ್ಯವಾಗಿ ಕಸಿಯೇ ಆಗಬೇಕು.

ಡಯಾಲಿಸಿಸ್ ರೋಗಿಯ ಹತ್ತಿರಕ್ಕೆ ಬಂದಿದೆ. ಕಸಿಗಾಗಿ ರೋಗಿಯೇ ದೂರ ಹೋಗಬೇಕು. ನಮ್ಮ ದೇಶದಲ್ಲಿ ಹೆಚ್ಚಿನ ಕಸಿಗಳು ನಡೆಯುವುದು ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ. ರಾಜ್ಯ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇರುವುದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ. ಶಿವಮೊಗ್ಗದಿಂದ ಅದು ಸುಮಾರು 300 ಕಿಲೋಮೀಟರ್. ರಕ್ತದ ಗುಂಪು, ಅಂಗಾಂಶ ಹೊಂದಾಣಿಕೆ, ಹೃದಯ ತಪಾಸಣೆ ಎಂದು ಹಲವು ಸಲ ಓಡಾಡಬೇಕು. ಮನೆಯವರೇ ದಾನಿಯಾದರೆ ಒಂದೇ ಮನೆಯ ಇಬ್ಬರ ಕೂಲಿ ಒಟ್ಟಿಗೆ ನಿಲ್ಲುತ್ತದೆ. ಕಸಿಯಾದ ಮೇಲೂ ತಿರಸ್ಕಾರ ತಡೆಯುವ ಮಾತ್ರೆಗಳನ್ನು ಜೀವಮಾನವಿಡೀ ನುಂಗಬೇಕು. ಕೆಲವು ದಿನ ಮಾತ್ರೆ ತಪ್ಪಿದರೂ ಬಂದ ಅಂಗ ಕೈಬಿಡಬಹುದು.

ಕಾನೂನು ಏನು ಮಾಡಿದೆ? ಹಿಂದೆ ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಬಡವರ ಮೂತ್ರಪಿಂಡ ಹಣಕ್ಕೆ ಬಿಕರಿಯಾಗುತ್ತಿತ್ತು. ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ತಂದು ಆ ವ್ಯಾಪಾರವನ್ನು ಅಪರಾಧವೆಂದು ಸಾರಿತು. ಮಿದುಳುಕಾಂಡದ ಸಾವನ್ನು ಸಾವೆಂದು ಒಪ್ಪಿತು. ಮೃತರ ಅಂಗಗಳನ್ನು ಹಂಚಲು ಕರ್ನಾಟಕದಲ್ಲಿ 2007ರಲ್ಲಿ ಸಮನ್ವಯ ಸಮಿತಿಯೊಂದು ಏರ್ಪಟ್ಟಿತು. ಅದೇ ಇಂದಿನ 'ಜೀವಸಾರ್ಥಕತೆ'. ಬಿಪಿಎಲ್ ಕುಟುಂಬಗಳ ಕಸಿಯ ವೆಚ್ಚಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಸರ್ಕಾರ ನೆರವನ್ನೂ ಕೊಡುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ, ನೋಂದಣಿಗೆ ಅದೇ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಯಮ ಬೇಡವೆಂದಿತು.

ಇಷ್ಟಾದರೂ ಅಂತರ ಉಳಿದಿದೆ. ಏಕೆಂದರೆ ಸರದಿಯ ಪಟ್ಟಿ ಬಡವ ಬಲ್ಲಿದ ಎಂದು ಕೇಳುವುದಿಲ್ಲ. ಆದರೆ ಪಟ್ಟಿಗೆ ಹೆಸರು ಸೇರುವವರೆಗಿನ ದಾರಿ ಪ್ರತಿ ಹೆಜ್ಜೆಗೂ ಕೇಳುತ್ತದೆ. ಬಸ್ಸಿನ ಚಾರ್ಜು ಎಲ್ಲಿ? ಜೊತೆಗೆ ಬರುವವರು ಯಾರು? ಬೆಂಗಳೂರಿನಲ್ಲಿ ತಂಗುವುದೆಲ್ಲಿ? ಮಧ್ಯರಾತ್ರಿ 'ಅಂಗ ದೊರೆತಿದೆ, ಬನ್ನಿ' ಎಂದು ಫೋನು ಬಂದರೆ ಬೆಳಗಾಗುವುದರೊಳಗೆ ತಲುಪುವುದು ಹೇಗೆ? 2022ರಲ್ಲಿ ನೆರೆಯ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಹೃದಯವನ್ನು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಒಯ್ದರು. ಹೃದಯವನ್ನು 4ರಿಂದ 6 ಗಂಟೆಯೊಳಗೆ ಜೋಡಿಸಬೇಕಾದ್ದರಿಂದ ಅದು ಸರಿಯಾದ ಕೆಲಸ. ಜಿಲ್ಲೆಯ ಜನ ಕೊಡಬಲ್ಲರು, ಜಿಲ್ಲಾ ಆಸ್ಪತ್ರೆ ಅದಕ್ಕೆ ನೆರವಾಗಬಲ್ಲದು ಎಂಬುದನ್ನು ಅದು ತೋರಿಸಿತು. ಹಾಗಾದರೆ ಜಿಲ್ಲೆಯ ಬಡರೋಗಿಗೂ ಪಡೆಯುವ ದಾರಿ ಅಷ್ಟೇ ಚುರುಕಾಗಿ ತೆರೆಯಬೇಡವೇ?

ಇನ್ನೊಂದು ಅಂತರ ನಮ್ಮ ಮನೆಯೊಳಗೇ ಇದೆ. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಪಡೆಯುವವರಲ್ಲಿ ಗಂಡಸರೇ ಹೆಚ್ಚು. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ. ಅವಳ ಮೂತ್ರಪಿಂಡವೇ ಕೆಟ್ಟಾಗ ಕೊಡುವವರೆಷ್ಟು ಮಂದಿ? ಈ ಪ್ರಶ್ನೆಯನ್ನು ಯಾವ ಸರ್ಕಾರಕ್ಕೂ ಕೇಳುವಂತಿಲ್ಲ; ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮೃತರ ಅಂಗದಾನ ಹೆಚ್ಚಿದರೆ ಈ ಎರಡು ಅಂತರಗಳೂ ಸ್ವಲ್ಪ ತಗ್ಗಬಹುದು. 2023ರಲ್ಲಿ ದೇಶದಲ್ಲಿ ನಡೆದ ಅಂಗಾಂಗ ಕಸಿಗಳು 18,378. ಮೃತ ದಾನಿಗಳು 1,099 ಮಾತ್ರ. ಹತ್ತು ಲಕ್ಷ ಜನಸಂಖ್ಯೆಗೆ ಒಬ್ಬ ದಾನಿಯೂ ಇಲ್ಲ. ಸ್ಪೇನ್ ದೇಶದಲ್ಲಿ ಅದು 50ರ ಸಮೀಪದಲ್ಲಿದೆ. ಅಲ್ಲಿ 1989ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕ ವೈದ್ಯರನ್ನು ನೇಮಿಸಿದರು. ದುಃಖದಲ್ಲಿರುವ ಕುಟುಂಬದ ಬಳಿ ಕುಳಿತು ತಾಳ್ಮೆಯಿಂದ ಮಾತನಾಡುವುದೂ ಅವರ ಕೆಲಸ. ನಮ್ಮಲ್ಲಿಯೂ 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಕುಟುಂಬ ಅಂಗದಾನಕ್ಕೆ ಒಪ್ಪಿದ್ದನ್ನು ನಾಡು ಕಂಡಿದೆ. ಆದರೆ ಬಡವರೂ ನಂಬಿ ಕೊಡಬೇಕಾದರೆ, ತಮಗೂ ಸಿಗುತ್ತದೆ ಎಂಬ ಭರವಸೆ ಅವರಿಗಿರಬೇಕು. ಕೊಡುವ ಕರ್ತವ್ಯವನ್ನು ಎಲ್ಲರಿಗೂ ಬೋಧಿಸಿ, ಪಡೆಯುವ ಅವಕಾಶವನ್ನು ಕೆಲವರಿಗೇ ಉಳಿಸಿದರೆ ಆ ಬೋಧನೆಗೆ ಬೆಲೆಯಿರುವುದಿಲ್ಲ.

ಆದ್ದರಿಂದ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರೋಗ ಪತ್ತೆಯಾಗಬೇಕು. ಕಸಿಗೆ ಮೊದಲಿನ ಪರೀಕ್ಷೆಗಳಲ್ಲಿ ಸಾಧ್ಯವಾದಷ್ಟು ಜಿಲ್ಲಾ ಆಸ್ಪತ್ರೆಯಲ್ಲೇ ಮುಗಿಯಬೇಕು. ರೋಗಿ ಮತ್ತು ದಾನಿಯ ಪ್ರಯಾಣ, ವಸತಿ, ಕಳೆದ ಕೂಲಿಗೆ ನೆರವು ಬೇಕು. ಕಸಿಯ ನಂತರದ ಮಾತ್ರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ತಪ್ಪದೆ ಸಿಗಬೇಕು. ಇದನ್ನು ದಯೆಯೆಂದು ಬೇಡಬೇಕಾಗಿಲ್ಲ. ತುರ್ತು ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಆ ಮಾತಿನ ಆಶಯವನ್ನು ಕಸಿಯವರೆಗೂ ಒಯ್ಯುವುದು ನಿಮ್ಮ ತಲೆಮಾರಿನ ಕೆಲಸ.

ಸದ್ಯಕ್ಕೆ ನೀವು ಮಾಡಬಹುದಾದದ್ದೂ ಇದೆ. ಮನೆಯ ಹಿರಿಯರ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಆಗಿದೆಯೇ ಎಂದು ಈ ವಾರವೇ ವಿಚಾರಿಸಿ. ಅಂಗದಾನದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಊಟದ ಹೊತ್ತಿನಲ್ಲಿ ಮನೆಯವರಿಗೆ ಹೇಳಿ. ಕೊನೆಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಮುಂದೆ ಮತ ಕೇಳಲು ಬಂದವರನ್ನು, ನಮ್ಮ ತಾಲ್ಲೂಕಿನ ರೋಗಿಗೆ ಮೂತ್ರಪಿಂಡ ಸಿಗುವ ದಾರಿ ಯಾವುದು ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.