ಮರಣ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?



ನಮ್ಮ ತೆಲಸಂಗದಲ್ಲಿ ಸಾವಾದರೆ ಜನಾಜಾ ನಮಾಜಿಗೆ ಊರೇ ಸೇರುತ್ತದೆ. ನೋಂದಣಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ತಂದೆಯನ್ನು ಕಳೆದುಕೊಂಡ ವಿದ್ಯಾರ್ಥಿಯೊಬ್ಬ ತಿಂಗಳುಗಳ ನಂತರ ನನ್ನ ಬಳಿ ಬಂದ. ತಾಯಿಯ ವಿಧವಾ ವೇತನಕ್ಕೂ ಹೊಲದ ಪೌತಿ ಖಾತೆಗೂ ಮರಣ ಪ್ರಮಾಣಪತ್ರ ಬೇಕಿತ್ತು. ತಂದೆ ತೀರಿಕೊಂಡದ್ದು ಮಿರಜದ ದವಾಖಾನೆಯಲ್ಲಿ, ದಫನ್ ಆದದ್ದು ಇಲ್ಲಿ. ಹುಡುಗ ಇಲ್ಲಿಯೇ ಅಲೆಯುತ್ತಿದ್ದ.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಎಲ್ಲಾಯಿತೋ ಅಲ್ಲಿಯೇ ನೋಂದಣಿ. ಆಸ್ಪತ್ರೆಯಲ್ಲಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದು. ಆದರೆ ಹೆಸರು ಹೇಳುವವರು ನೀವು. ದುಃಖದಲ್ಲಿ ಯಾರೋ 'ಮೆಹಬೂಬ' ಎಂದುಬಿಡುತ್ತಾರೆ, ಪಹಣಿಯಲ್ಲಿ 'ಮಹಬೂಬಸಾಬ' ಇರುತ್ತದೆ. ಆಧಾರ್ ಕಾರ್ಡು ಕೈಯಲ್ಲಿ ಹಿಡಿದೇ ಬರೆಸಿರಿ. (ಉರ್ದು ಹೆಸರುಗಳು ಕನ್ನಡಕ್ಕೆ ಬರುವಾಗ ಏನೇನಾಗುತ್ತವೆಂದು ಹಾಜರಿ ಪುಸ್ತಕ ಬರೆಯುವ ನನಗೆ ಗೊತ್ತು.)

ಮನೆಯಲ್ಲಾದ ಸಾವನ್ನು 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 2024ರ ಜುಲೈಯಿಂದ 30 ದಿನದೊಳಗಿನ ನೋಂದಣಿ ನಮ್ಮ ಗ್ರಾಮ ಪಂಚಾಯಿತಿಯಲ್ಲೇ ಆಗುತ್ತದೆ. ವರ್ಷ ದಾಟಿದರೆ ಹಿಂದೆ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳಂಥ ಅಧಿಕಾರಿಯ ಆದೇಶ ಸಾಕು. ಜಮಾತಿನ ಚೀಟಿ ಪ್ರಮಾಣಪತ್ರವಾಗದು.

ಆ ಹುಡುಗ ಕೊನೆಗೆ ಮಿರಜಕ್ಕೆ ಹೋದ. ಆಸ್ಪತ್ರೆಯ ವರದಿ ಮಹಾನಗರಪಾಲಿಕೆಗೆ ಯಾವಾಗಲೋ ಮುಟ್ಟಿತ್ತು. ಪ್ರಮಾಣಪತ್ರ ಅಂದೇ ಸಿಕ್ಕಿತು.