ರೈತರ ಮಕ್ಕಳಿಗೆ ಕಾಲೇಜು ಕೇಳಿದ ರೈತ



ಸಾಫ್ಟ್‌ವೇರ್ ಕೆಲಸದವನು ಕಂಪ್ಯೂಟರ್ ವಿಷಯ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಹೇಳುವುದು ಅಮೆರಿಕದ ಒಬ್ಬ ರೈತನ ಕಥೆ. ಕಂಪನಿ ಕೆಲಸದ ಮೇಲೆ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿದ್ದಾಗ ಅಲ್ಲಿನ ವಿಶ್ವವಿದ್ಯಾಲಯದ ಒಂದು ಕಟ್ಟಡದ ಮೇಲೆ ಇವರ ಹೆಸರು ನೋಡಿ, ಇವರ ಬಗ್ಗೆ ಓದಿಕೊಂಡೆ. ಹೆಸರು ಲಿಯೊನಿಡಾಸ್ ಪೋಲ್ಕ್.

ಪೋಲ್ಕ್ ಹುಟ್ಟಿದ್ದು 1837ರಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ತೀರಿಕೊಂಡರು. ಅಲ್ಲಿನ ಅಂತರ್ಯುದ್ಧದ ನಂತರ ಹತ್ತಿ ಬೆಳೆಯುವವರ ಪಾಡು ನಮ್ಮ ಅಜ್ಜಂದಿರಿಗೆ ಅರ್ಥವಾಗುವಂಥದ್ದು. ಮುಂದೆ ಬರುವ ಬೆಳೆಯನ್ನು ಅಂಗಡಿಯವನಿಗೆ ಬರೆದುಕೊಟ್ಟು ಗೊಬ್ಬರ, ದಿನಸಿ ಸಾಲ ತರಬೇಕು. ಕೊಯ್ಲಾದ ಮೇಲೆ ಬೆಳೆ ಅವನಿಗೇ ಹೋಗಬೇಕು. ಲೆಕ್ಕದ ಪುಸ್ತಕವೂ ಅವನದೇ. ಓದು ಬಾರದ ರೈತ ಅವನು ಹೇಳಿದ ಮೊತ್ತವನ್ನು ನಂಬಬೇಕು.

1877ರಲ್ಲಿ ಪೋಲ್ಕ್ ಆ ರಾಜ್ಯದ ಮೊದಲ ಕೃಷಿ ಆಯುಕ್ತರಾದರು. 1886ರಲ್ಲಿ 'ಪ್ರೋಗ್ರೆಸಿವ್ ಫಾರ್ಮರ್' ಎಂಬ ಪತ್ರಿಕೆ ಆರಂಭಿಸಿದರು, ಊರೂರಿನಲ್ಲಿ ರೈತರ ಕೂಟ ಕಟ್ಟಿದರು. ಕೃಷಿ ಶಿಕ್ಷಣಕ್ಕೆಂದು ಬರುವ ಕೇಂದ್ರದ ಹಣ ಹಳೆಯ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದೆ, ಅದರಿಂದ ರೈತರ ಮಕ್ಕಳಿಗೇನು ಸಿಕ್ಕಿತು ಎಂದು ಲೆಕ್ಕ ಕೇಳಿದರು. 1887ರಲ್ಲಿ ಕಾಲೇಜಿಗೆ ಶಾಸನವಾಯಿತು, 1889ರಲ್ಲಿ ಬಾಗಿಲು ತೆರೆಯಿತು. ನಾನು ನೋಡಿದ ವಿಶ್ವವಿದ್ಯಾಲಯ ಅದೇ.

ಅದೇ ವರ್ಷ ಅವರು ರೈತರ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾದರು. ಸರ್ಕಾರವೇ ಗೋದಾಮು ಕಟ್ಟಲಿ, ಅಲ್ಲಿಟ್ಟ ಬೆಳೆಯ ಮೇಲೆ ಬೆಲೆಯ ಶೇಕಡಾ 80ರಷ್ಟು ಸಾಲವನ್ನು ಕಡಿಮೆ ಬಡ್ಡಿಗೆ ಕೊಡಲಿ ಎಂಬುದು ಒಕ್ಕೂಟದ ಬೇಡಿಕೆ. 1892ರಲ್ಲಿ ಹೊಸ ಪೀಪಲ್ಸ್ ಪಾರ್ಟಿ ಅವರನ್ನೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸುತ್ತದೆಂದು ಬಹಳ ಜನ ನಂಬಿದ್ದರು. ಸಮಾವೇಶಕ್ಕೆ ಮೂರು ವಾರ ಇದ್ದಾಗ, ಜೂನ್ 11ರಂದು ತೀರಿಕೊಂಡರು. ವಯಸ್ಸು 55. ಅವರ ಬದಲು ನಿಂತ ಜೇಮ್ಸ್ ವೀವರ್ ಹತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದು ಸೋತರು. ಪಕ್ಷ ಬಹುಕಾಲ ಉಳಿಯಲಿಲ್ಲ. ಆದರೆ ಅದು ಕೇಳಿದ್ದ ಆದಾಯ ತೆರಿಗೆ, ಸೆನೆಟರುಗಳ ನೇರ ಚುನಾವಣೆ ಎರಡೂ 1913ರಲ್ಲಿ ಸಂವಿಧಾನಕ್ಕೆ ಸೇರಿದವು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಪೋಲ್ಕ್ ಅವರ ಒಕ್ಕೂಟದಲ್ಲಿ ಕಪ್ಪು ರೈತರಿಗೆ ಜಾಗವಿರಲಿಲ್ಲ. ಅವರು ತಮ್ಮದೇ ಬೇರೆ ಒಕ್ಕೂಟ ಕಟ್ಟಿಕೊಂಡರು. ಪೋಲ್ಕ್ ಕೇಳಿ ಪಡೆದ ಕಾಲೇಜೂ ಆಗ ಬಿಳಿಯರ ಮಕ್ಕಳಿಗಷ್ಟೇ. ಸಾಲ ಇಬ್ಬರಿಗೂ ಒಂದೇ, ಬೆಂಚು ಮಾತ್ರ ಬೇರೆ. ಅವರ ಚಳವಳಿಯ ದೊಡ್ಡ ಕೊರತೆ ಇದು.

1964ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಇಂಥ ಕಾಲೇಜುಗಳೇ ಮಾದರಿ. ಹಾಗಾಗಿ ಆ ಕಥೆ ನಮಗೆ ಪೂರ್ತಿ ಹೊರಗಿನದಲ್ಲ.

ಈ ಶಾಲೆಯಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಓದಿದೆವು. ಅದನ್ನು ಕಳೆದುಕೊಳ್ಳಬಾರದು. ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರ್ ಕೊಡಿಸಬಹುದು, ಕೊಡಿಸೋಣ. ಆದರೆ ಖಾಲಿ ಇರುವ ಮೇಷ್ಟ್ರ ಹುದ್ದೆ ತುಂಬುವುದು ಸರ್ಕಾರದ ಕೆಲಸ. ಅದನ್ನು ಊರು ಒಟ್ಟಾಗಿ ಕೇಳಬೇಕು. ಮಕ್ಕಳನ್ನು ಇಲ್ಲಿಗೇ ಕಳಿಸಿ, ಆಮೇಲೆ ಗಟ್ಟಿಯಾಗಿ ಕೇಳಿ. ಅರ್ಜಿಗೆ ಮೊದಲ ಸಹಿ ಹಾಕಲು ನಾನು ಸಿದ್ಧ.